ಘಟ್ಟ ಇಳಿಯಲು ಇಎಸ್‌ಸಿ ಇದ್ದರೆ ಸಾಕೇ?

ಪ್ರಶ್ನೆ: ಹೊಸ ಕಾರಿನಲ್ಲಿ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಸಿಕ್ಕಿಕೊಂಡು ಜಾರದಂತೆ, ಸ್ಟೀರಿಂಗ್ ಕೈಗೆ ಸಿಗುವಂತೆ ನೋಡಿಕೊಳ್ಳುವ ವ್ಯವಸ್ಥೆ), ಇಎಸ್‌ಸಿ (ಜಾರುವ ಕಾರನ್ನು ದಾರಿಗೆ ತರುವ ವ್ಯವಸ್ಥೆ) ಎರಡೂ ಇವೆ. ಮಳೆಗಾಲದಲ್ಲೂ ವಾರಕ್ಕೆರಡು ಸಲ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಬೇಕು. ಜಾರಿದರೆ ಕಾರೇ ಸರಿಮಾಡಿಕೊಳ್ಳುತ್ತದಲ್ಲ, ಮತ್ತೆ ತರಬೇತಿ ಯಾಕೆ?

ಉತ್ತರ: ಜಾರಿದ ಮೇಲಿನ ಕೆಲಸದಲ್ಲಿ ಇಎಸ್‌ಸಿ ನಿಮಗಿಂತ ಚುರುಕು, ಅದನ್ನು ಒಪ್ಪಲೇಬೇಕು. ಸ್ಟೀರಿಂಗ್ ಎತ್ತ ತಿರುಗಿದೆ, ಕಾರು ಎತ್ತ ಹೊರಳುತ್ತಿದೆ ಎಂದು ಸೆನ್ಸರ್‌ಗಳು ನೋಡುತ್ತಲೇ ಇರುತ್ತವೆ. ಎರಡೂ ತಾಳೆಯಾಗದಿದ್ದರೆ ಎಂಜಿನ್ ಶಕ್ತಿ ತಗ್ಗಿಸಿ, ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕುತ್ತದೆ. ಹಿಂಭಾಗ ಹೊರಕ್ಕೆ ಜಾರಿದರೆ ತಿರುವಿನ ಹೊರಬದಿಯ ಮುಂಚಕ್ರಕ್ಕೆ; ಮೂತಿ ತಿರುಗದೆ ನೆಟ್ಟಗೆ ಹೋದರೆ ಒಳಬದಿಯ ಹಿಂಚಕ್ರಕ್ಕೆ. ಒಂದೇ ಬ್ರೇಕ್ ಪೆಡಲ್ ಇರುವ ಚಾಲಕ ಎಷ್ಟು ಕಲಿತರೂ ಇದನ್ನು ಮಾಡಲಾರ.

ಆದರೆ ಅದು ಇರುವ ಹಿಡಿತವನ್ನು ಹಂಚುತ್ತದೆಯೇ ಹೊರತು ಹೊಸದಾಗಿ ಹುಟ್ಟಿಸುವುದಿಲ್ಲ. 30 ಮೀಟರ್ ತ್ರಿಜ್ಯದ, ಇಳಿಜಾರಿಲ್ಲದ ತಿರುವು ಎಂದುಕೊಳ್ಳಿ. ಒಣ ಡಾಂಬರಿನಲ್ಲಿ ಘರ್ಷಣಾಂಕ (ಟಯರಿಗೆ ರಸ್ತೆಯ ಮೇಲಿರುವ ಹಿಡಿತದ ಅಳತೆ) 0.7 ಇದ್ದರೆ ಗಂಟೆಗೆ ಸುಮಾರು 51 ಕಿ.ಮೀ.ವರೆಗೆ ಕಾರು ದಾರಿ ಬಿಡುವುದಿಲ್ಲ. ಮಳೆಯಲ್ಲಿ ಅದು 0.4ಕ್ಕೆ ಇಳಿದರೆ ಮಿತಿ 39. ನೀವು 50ರಲ್ಲಿ ನುಗ್ಗಿದರೆ ಇಎಸ್‌ಸಿ ವೇಗ ತುಸು ಕಡಿಮೆ ಮಾಡೀತು, ಅಷ್ಟೆ. ಮೊದಲ ಮಳೆಗೆ ಧೂಳು, ಎಣ್ಣೆ ಕಲಸಿ ಲೋಳೆಯಾದಲ್ಲಿ, ಮರದಡಿ ಎಲೆ ಕೊಳೆತಲ್ಲಿ, ಮೀನಿನ ಲಾರಿ ನೀರು ಸುರಿಸಿ ಹೋದಲ್ಲಿ ಹಿಡಿತ ಇನ್ನೂ ಕಮ್ಮಿ.

ಹಾಗಾಗಿ ಕಲಿಯಬೇಕಾದ್ದು ಸಿನಿಮಾದಂತೆ ಜಾರಿಸಿ ಹಿಡಿಯುವುದಲ್ಲ, ತಿರುವಿಗೆ ಮೊದಲೇ ವೇಗ ಇಳಿಸುವುದು. ಬ್ರೇಕ್, ಗೇರ್ ಬದಲಾವಣೆ ಎರಡೂ ನೇರ ರಸ್ತೆಯಲ್ಲೇ ಮುಗಿಯಲಿ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ, ಸಾಮಾನ್ಯವಾಗಿ ಎರಡು ಅಥವಾ ಮೂರು. ಆಟೊಮ್ಯಾಟಿಕ್ ಆದರೆ ಮ್ಯಾನ್ಯುವಲ್ ಮೋಡ್ ಅಥವಾ ಕೆಳಗಿನ ಗೇರಿನ 'ಎಲ್'. ಮಾಮೂಲಿ ಓಟದ 'ಡಿ'ಯಲ್ಲೇ ಬಿಟ್ಟು ಉದ್ದಕ್ಕೂ ಬ್ರೇಕ್ ಒತ್ತುತ್ತ ಬಂದರೆ ಡಿಸ್ಕ್ ಕಾಯುತ್ತದೆ, ಬ್ರೇಕ್ ಆಯಿಲ್ ಕುದಿಯುತ್ತದೆ, ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ಗಾಳಿಯ ತೇವ ಹೀರಿ ಹಳೆಯದಾದರೆ 155ಕ್ಕೇ ಕುದಿಯಬಹುದು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಇಎಸ್‌ಸಿ ಬಳಸುವುದೂ ಅದೇ ಡಿಸ್ಕು, ಅದೇ ಆಯಿಲ್ಲು. ಅವು ಕೈಕೊಟ್ಟಾಗ ಅದೂ ಕೈಚೆಲ್ಲುತ್ತದೆ.

ಎಬಿಎಸ್‌ಗೆ ಅಭ್ಯಾಸ ಬೇಕು. ಮಳೆ ನಿಂತ ಮೇಲೆ ಖಾಲಿ ಡಾಂಬರು ಜಾಗದಲ್ಲಿ 40ರ ವೇಗದಿಂದ ಪೆಡಲನ್ನು ಪೂರ್ತಿ ಒತ್ತಿ, ಒತ್ತಿಯೇ ಹಿಡಿಯಿರಿ. ಪೆಡಲ್ ಗಡಗಡ ನಡುಗುತ್ತದೆ. ಬಹಳ ಮಂದಿ ಆಗ ಹೆದರಿ ಕಾಲು ತೆಗೆಯುತ್ತಾರೆ, ಅಲ್ಲೇ ತಪ್ಪುವುದು. ಮುಂದಿನ ಸುತ್ತು ಒತ್ತಿಹಿಡಿದೇ ಸ್ಟೀರಿಂಗ್ ತಿರುಗಿಸಿ ನೋಡಿ. ಜಲ್ಲಿ ಚೆಲ್ಲಿದ ರಸ್ತೆಯಲ್ಲಿ ಮಾತ್ರ ಎಬಿಎಸ್ ಇದ್ದೂ ಕಾರು ಮುಂದೆ ಹೋಗಿ ನಿಲ್ಲುತ್ತದೆ.

ಟಯರಿನ ಗೆರೆಯ ಆಳಕ್ಕೆ ಕಾನೂನಿನ ಮಿತಿ 1.6 ಮಿ.ಮೀ.; ನಮ್ಮ ಮಳೆಗೆ 3ಕ್ಕೆ ಬಂದಾಗಲೇ ಬದಲಿಸುವುದು ಲೇಸು.

ಇಎಸ್‌ಸಿ ದೀಪ ಮಿನುಗಿದರೆ ಅದು ಕೆಲಸ ಮಾಡುತ್ತಿದೆ, ಆರದೆ ಉರಿದರೆ ಏನೋ ದೋಷವಿದೆ. ತೋಟದ ಕೆಸರಿನಲ್ಲಿ ಚಕ್ರ ಹೂತು ಎಂಜಿನ್ ಸೊರಗಿದರೆ ಮಾತ್ರ ಬಟನ್ ಒತ್ತಿ ಇಎಸ್‌ಸಿಯನ್ನು ಆಫ್ ಮಾಡಿ. ಡಾಂಬರಿಗೆ ಬಂದೊಡನೆ ಮತ್ತೆ ಒತ್ತಿ.