ಈಜು ಬರಲ್ಲ, ಬಂಡೆ ಪಕ್ಕದಲ್ಲೇ ಕಯಾಕ್ ಮಾಡಿದರೆ ಸೇಫ್ ಅಲ್ವಾ?

ಓದುಗರ ಪ್ರಶ್ನೆ: "ಸರ್, ಹಾಸನದಿಂದ ನಾಲ್ಕು ಜನ ಗೋಕರ್ಣಕ್ಕೆ ಹೊರಟಿದ್ದೀವಿ. ಗೈಡ್ ಜೊತೆ ಸಮುದ್ರದಲ್ಲಿ ಕಯಾಕಿಂಗ್ ಮಾಡೋಣ ಅಂತ ಇದೆ. ಇಬ್ಬರಿಗೆ ಈಜು ಬರಲ್ಲ. ಆಳಕ್ಕೆ ಹೋಗಲ್ಲ, ಬಂಡೆಗಳ ಪಕ್ಕದಲ್ಲೇ ಹೋಗಿ ಬರ್ತೀವಿ. ತೊಂದರೆ ಇಲ್ಲ ತಾನೆ?"

ಈ ಪ್ರಶ್ನೆ ಅರಸೀಕೆರೆಯಿಂದ ಬರುತ್ತದೆ, ಮೂಡಿಗೆರೆಯಿಂದ ಬರುತ್ತದೆ, ಕಡೂರಿನಿಂದಲೂ ಬರುತ್ತದೆ. ಕೇಳುವವರು ಬೇರೆ ಬೇರೆ, ಆದರೆ "ಬಂಡೆಗಳ ಪಕ್ಕದಲ್ಲೇ" ಅನ್ನುವ ಆ ಒಂದು ಮಾತು ಮಾತ್ರ ಎಲ್ಲರ ಬಾಯಲ್ಲೂ ಇರುತ್ತದೆ. ಒಬ್ಬರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಇನ್ನೊಬ್ಬರು ಅದನ್ನೇ ಕೇಳಿರುತ್ತಾರೆ. ಅದಕ್ಕೇ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಕಯಾಕ್ ಅಂದರೆ ಪ್ಯಾಡಲ್ (ಹುಟ್ಟು) ಹಾಕಿ ನಡೆಸುವ ಸಣ್ಣ, ಕಿರಿದಾದ ದೋಣಿ. ದಯವಿಟ್ಟು ಕೊನೆತನಕ ಓದಿ.

ಈಜಿನ ವಿಷಯ ಮೊದಲು ಮುಗಿಸೋಣ. ಈಜು ಬರದವರೂ ಹೋಗಬಹುದು. ಆದರೆ ಆ ವಿಷಯ ಗೈಡ್‌ಗೆ ಬುಕ್ ಮಾಡುವಾಗಲೇ ಗೊತ್ತಿರಬೇಕು, ನೀರಿಗೆ ಇಳಿದ ಮೇಲೆ ಅಲ್ಲ. ಕಯಾಕಿಂಗ್‌ನಲ್ಲಿ ಕೊಡುವ ಲೈಫ್ ಜಾಕೆಟ್ ಸಾಮಾನ್ಯವಾಗಿ 50 ನ್ಯೂಟನ್‌ನದ್ದು, ಅಂದರೆ ಸುಮಾರು 5 ಕೆಜಿಯಷ್ಟು ಮೇಲಕ್ಕೆ ಎತ್ತುತ್ತದೆ. ಈಜು ಬಲ್ಲವರಿಗೆ ಇದು ಸಾಕು. ಬರದವರು 100 ನ್ಯೂಟನ್‌ನದ್ದು ಇದೆಯಾ ಅಂತ ಕೇಳಿ, ಅದು ಮುಖವನ್ನು ನೀರಿನ ಮೇಲೆ ಹಿಡಿಯುವ ಹಾಗೆ ಮಾಡಿದ ಜಾಕೆಟ್. ಹಾಕಿಕೊಂಡ ಮೇಲೆ ಪಕ್ಕದವರಿಗೆ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆಯಲು ಹೇಳಿ. ಕಿವಿವರೆಗೆ ಬಂದರೆ ಸಡಿಲ ಇದೆ ಅಂತ ಅರ್ಥ. ಗೈಡ್ ಜೊತೆ ಇಬ್ಬರು ಕೂರುವ ಕಯಾಕ್‌ನಲ್ಲಿ, ಅಲೆ ಕಡಿಮೆ ಇರುವ ದಿನ, ಕೊಲ್ಲಿಯ ಒಳಗೇ ಒಂದು ಸುತ್ತು ಹೋಗಿ. ಇನ್ನು, ತಲೆ ನೀರಿನೊಳಗೆ ಹೋದರೆ ಸಾಕು ಕೈಕಾಲು ಬಡಿದುಕೊಳ್ಳುವವರು ಇರುತ್ತಾರೆ. ಅವರು ಈ ವರ್ಷ ದಡದಲ್ಲೇ ಇದ್ದು, ಮೊದಲು ಈಜುಕೊಳದಲ್ಲಿ ಆ ಭಯ ಕಳೆದುಕೊಳ್ಳಲಿ.

ಈಗ ಬಂಡೆಯ ವಿಷಯ.

"ದಡದ ಹತ್ತಿರ ಇದ್ದಷ್ಟೂ ಸೇಫ್" ಅನ್ನುವ ನಂಬಿಕೆ ನಮ್ಮ ಕಡೆ ಯಾಕೆ ಇಷ್ಟು ಗಟ್ಟಿ ಅಂತ ನನಗೆ ಚೆನ್ನಾಗಿ ಗೊತ್ತು. ನಾವು ನೀರು ನೋಡಿದ್ದು ಕೆರೆಯಲ್ಲಿ, ಕಲ್ಯಾಣಿಯಲ್ಲಿ, ಹೇಮಾವತಿ ಹಿನ್ನೀರಿನಲ್ಲಿ. "ಆಳಕ್ಕೆ ಹೋಗಬೇಡ, ದಡ ಬಿಡಬೇಡ" ಅಂತ ಹಿರಿಯರು ಹೇಳಿದ್ದು ಸರಿಯಾಗಿಯೇ ಇತ್ತು. ಅಲ್ಲಿ ನೀರು ನಿಂತಿರುತ್ತದೆ, ಯಾರೂ ಜಾಕೆಟ್ ಹಾಕಿರುವುದಿಲ್ಲ, ಆಳ ಒಂದೇ ಅಪಾಯ. ಅದೇ ಬುದ್ಧಿಯನ್ನು ಘಾಟಿ ಇಳಿಸಿ ಕಲ್ಲಿನ ಕರಾವಳಿಗೆ ತಂದರೆ ಲೆಕ್ಕ ಪೂರ್ತಿ ತಿರುಗುಮುರುಗು.

ಜಾಕೆಟ್ ಸರಿಯಾಗಿ ಕಟ್ಟಿದ್ದರೆ ನೀವು ಇರುವುದು ನೀರಿನ ಮೇಲೆ. ಕೆಳಗೆ ಆರು ಅಡಿ ನೀರಿದ್ದರೂ ಅಷ್ಟೇ, ಅರವತ್ತು ಅಡಿ ಇದ್ದರೂ ಅಷ್ಟೇ. ಉಪ್ಪು ನೀರು ಸಿಹಿನೀರಿಗಿಂತ ಸ್ವಲ್ಪ ಜಾಸ್ತಿಯೇ ತೇಲಿಸುತ್ತದೆ ಕೂಡ. ಆಳ ನಿಮಗೆ ಏನೂ ಮಾಡುವುದಿಲ್ಲ. ಏಟು ಬೀಳುವುದು ಅಲೆ ಮತ್ತು ಕಲ್ಲು ಸೇರುವ ಜಾಗದಲ್ಲಿ, ಆ ಜಾಗ ಇರುವುದೇ ದಡದ ಹತ್ತಿರ.

ಅಲೆ ಹೇಗೆ ಬರುತ್ತದೆ ನೋಡಿ. ಗೋಕರ್ಣದಲ್ಲಿ ಒಂದು ಎಲೆಯೂ ಅಲುಗಾಡದ ಬೆಳಿಗ್ಗೆಯಲ್ಲೂ ಅಲೆ ಬರುತ್ತದೆ, ಯಾಕೆಂದರೆ ಅದು ಎಲ್ಲೋ ದೂರದಲ್ಲಿ, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ದಕ್ಷಿಣದ ಸಮುದ್ರದಲ್ಲಿ ಬೀಸಿದ ಗಾಳಿಯಿಂದ ಹುಟ್ಟಿದ್ದು. ಆಳದ ನೀರಿನಲ್ಲಿ ಅದು ಬರೀ ಒಂದು ಏರಿಳಿತ. ಕಯಾಕ್ ಮೇಲೆ ಹೋಗುತ್ತದೆ, ಕೆಳಗೆ ಬರುತ್ತದೆ, ಅಷ್ಟೇ. ತಳ ಮೇಲೆ ಬಂದ ಹಾಗೆ ಅಲೆಯ ಬುಡ ನಿಧಾನವಾಗುತ್ತದೆ, ತಲೆ ಎತ್ತರವಾಗುತ್ತದೆ, ಕೊನೆಗೆ ಮುರಿದು ಬೀಳುತ್ತದೆ. ಸರಿಸುಮಾರು, ಒಂದು ಮೀಟರ್ ಎತ್ತರದ ಅಲೆ 1.3 ಮೀಟರ್ ಆಳದ ಹತ್ತಿರ ಮುರಿಯುತ್ತದೆ. ಮರಳಿನ ಬೀಚಿನಲ್ಲಿ ಎಲ್ಲಿ ಮುರಿಯುತ್ತದೆ ಅಂತ ಒಂದು ಬಿಳಿ ಗೆರೆ ಕಾಣುತ್ತದೆ. ಕಲ್ಲಿನ ಕರಾವಳಿಯಲ್ಲಿ ಆ ಗೆರೆ ಇರುವುದಿಲ್ಲ. ನೀರಿನ ಕೆಳಗೆ ಒಂದು ಬಂಡೆ ಅಡಗಿರುತ್ತದೆ, ಸಣ್ಣ ಅಲೆಗಳು ಅದರ ಮೇಲೆ ಸದ್ದಿಲ್ಲದೆ ದಾಟಿ ಹೋಗುತ್ತವೆ, ನೀವು "ಇಲ್ಲಿ ಎಷ್ಟು ಶಾಂತವಾಗಿದೆ" ಅಂತ ಫೋಟೊ ತೆಗೆಯಲು ನಿಲ್ಲುತ್ತೀರಿ, ಆಮೇಲೆ ಸಾಲಿನಲ್ಲಿ ಒಂದು ದೊಡ್ಡ ಅಲೆ ಬಂದಾಗ ಅದು ಸರಿಯಾಗಿ ನಿಮ್ಮ ತಲೆ ಮೇಲೆ ಮುರಿಯುತ್ತದೆ. ಅನುಭವ ಇರುವ ಗೈಡ್ ಹೊರಡುವ ಮೊದಲು ಹತ್ತು ಹದಿನೈದು ನಿಮಿಷ ಸುಮ್ನೆ ಸಮುದ್ರ ನೋಡುತ್ತಾ ನಿಲ್ಲುವುದು ಇದಕ್ಕೇ. ಜನ "ಯಾಕೆ ಲೇಟು" ಅಂತ ಅವಸರ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ.

ಇನ್ನೊಂದು. ಕಡಿದಾದ ಬಂಡೆಗೆ ಬಡಿದ ಅಲೆ ಅಲ್ಲೇ ಸಾಯುವುದಿಲ್ಲ, ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಸೇರಿದ ಕಡೆ ನೀರು ಎರಡು ಪಟ್ಟು ಎತ್ತರಕ್ಕೆ ಏಳಬಹುದು, ಅದೂ ಯಾವ ದಿಕ್ಕಿನಿಂದ ಅಂತ ಗೊತ್ತಾಗದ ಹಾಗೆ. ಹೊಸಬರು ಜಾಸ್ತಿ ಮಗುಚುವುದು ಇಂಥ ಕಡೆ. ಬಂಡೆಗೂ ಅಲೆಗೂ ಮಧ್ಯೆ ಕಯಾಕ್ ಓಡಿಸುವುದು ಅಂದರೆ ಶಿರಾಡಿಯಲ್ಲಿ ಲಾರಿಗೂ ಗುಡ್ಡದ ಗೋಡೆಗೂ ನಡುವೆ ಬೈಕ್ ನುಗ್ಗಿಸಿದ ಹಾಗೆ.

ಮಗುಚಿದಿರಿ ಅಂತಲೇ ಇಟ್ಟುಕೊಳ್ಳಿ. ಮಗುಚುವುದು ದೊಡ್ಡ ವಿಷಯವೇ ಅಲ್ಲ, ಈ ಆಟದಲ್ಲಿ ಅದು ಇರುವುದೇ. ಗೈಡ್ ಬರುತ್ತಾರೆ, ಕಯಾಕ್ ತಿರುಗಿಸುತ್ತಾರೆ, ನಿಮ್ಮನ್ನು ಹತ್ತಿಸುತ್ತಾರೆ. ಹೊಸಬರಿಗೆ ಇದಕ್ಕೆ ಐದು ನಿಮಿಷ ಬೇಕು ಅಂದುಕೊಳ್ಳೋಣ. ಆ ಹೊತ್ತಿನಲ್ಲಿ ಗಾಳಿ ಮತ್ತು ಅಲೆ ನಿಮ್ಮನ್ನು ತಳ್ಳುತ್ತಲೇ ಇರುತ್ತವೆ. ಗಂಟೆಗೆ ಒಂದೇ ಒಂದು ಕಿಲೋಮೀಟರ್ ವೇಗದಲ್ಲಿ ತಳ್ಳಿದರೂ ನಿಮಿಷಕ್ಕೆ ಸುಮಾರು 17 ಮೀಟರ್ ಆಯಿತು. ಐದು ನಿಮಿಷಕ್ಕೆ 85 ಮೀಟರ್. ಬಂಡೆಯಿಂದ 20 ಮೀಟರ್ ದೂರದಲ್ಲಿದ್ದವರು ಎರಡನೇ ನಿಮಿಷಕ್ಕೆ ಕಲ್ಲಿನ ಮೇಲೆ ಇರುತ್ತಾರೆ. ಆ ಕಲ್ಲು ಕೆರೆ ಸೋಪಾನದ ಕಲ್ಲಲ್ಲ, ಮೈತುಂಬಾ ಚೂಪಾದ ಚಿಪ್ಪುಗಳು ಅಂಟಿಕೊಂಡಿರುತ್ತವೆ, ಅಂಗೈ ಮೊಣಕಾಲು ಸೀಳಿಹೋಗುತ್ತದೆ. ಅದೇ 100 ಮೀಟರ್ ಹೊರಗಿದ್ದವರು ಐದು ನಿಮಿಷ ಆರಾಮವಾಗಿ ತೇಲಿ, ಕಯಾಕ್ ಹತ್ತಿ, ಬಾಟಲಿ ನೀರು ಕುಡಿದು ಮುಂದೆ ಹೋಗುತ್ತಾರೆ. ದೂರ ಅಂದರೆ ಸಮಯ. ಗೈಡ್ "ಇನ್ನೂ ಹೊರಗೆ ಬನ್ನಿ, ಹೊರಗೆ ಬನ್ನಿ" ಅಂತ ಕೂಗುವುದು ಆ ಸಮಯವನ್ನು ನಿಮಗೆ ಕೊಡುವುದಕ್ಕೆ.

ಇಷ್ಟು ಹೇಳಿದ ಮೇಲೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮತ್ತೆ ವಿಡಿಯೊಗಳಲ್ಲಿ ಬಂಡೆ ಸಂದಿಯಲ್ಲೇ ಹೋಗುತ್ತಾರಲ್ಲ?" ಹೋಗುತ್ತಾರೆ. ಹೆಲ್ಮೆಟ್ ಹಾಕಿ, ಅಲೆ ತೀರಾ ಇಳಿದ ದಿನ, ಪ್ರತಿ ಬಂಡೆಯ ಗುರುತು ಇರುವವರು, ಒಬ್ಬರ ಹಿಂದೆ ಒಬ್ಬರಾಗಿ. ಗುರುತು ಅಂದರೆ ಬರೀ ಜಾಗದ ಗುರುತಲ್ಲ, ಹೊತ್ತಿನ ಗುರುತು. ಗೊರೂರಿನ ಹೇಮಾವತಿ ಡ್ಯಾಮಿನ ನೀರು ಪೂರ್ಣ ಮಟ್ಟವಾದ 2922 ಅಡಿಗೆ ಏರಲು, ಮತ್ತೆ ಇಳಿಯಲು ತಿಂಗಳುಗಟ್ಟಲೆ ಬೇಕು. ಸಮುದ್ರ ಉಬ್ಬರದಿಂದ ಇಳಿತಕ್ಕೆ ಬರಲು ಆರು ಗಂಟೆ ಚಿಲ್ಲರೆ ಸಾಕು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆ ಆಸುಪಾಸಿನಲ್ಲಿ ಆ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್ ಇರುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ನೀರು ನಡುವಿನ ಎರಡು ಗಂಟೆಯಲ್ಲೇ ಇಳಿದುಹೋಗುತ್ತದೆ. ಹೋಗುವಾಗ ದಾಟಿದ ಸಂದಿ ಬರುವಾಗ ಕಲ್ಲಾಗಿರುತ್ತದೆ. ನಿನ್ನೆಯ ಹೊತ್ತು ಇವತ್ತಿಗೆ ನಡೆಯುವುದಿಲ್ಲ, ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡವರು ಸಂದಿಗೆ ನುಗ್ಗಲಿ. ಮೊದಲ ಸಲ ಪ್ಯಾಡಲ್ ಹಿಡಿದವರು ಹೊರಗಿನಿಂದ ನೋಡಿದರೂ ಅದೇ ಬಂಡೆ, ಅದೇ ಚೆಂದ. ಓಂ ಬೀಚಿನಿಂದ ಹಾಫ್ ಮೂನ್ ಕಡೆಗೆ ಹೋಗುವಾಗ ಆ ಗುಡ್ಡಗಳು ಪೂರ್ತಿಯಾಗಿ ಕಾಣುವುದೇ ಸ್ವಲ್ಪ ದೂರದಿಂದ.

ದಡದ ನಂಬಿಕೆಗೆ ಇನ್ನೊಂದು ಏಟು ಕೊಟ್ಟು ಮುಂದೆ ಹೋಗುತ್ತೇನೆ. ಮರಳಿನ ಬೀಚಿಗೆ ವಾಪಸ್ ಬರುವಾಗ, "ಅಬ್ಬಾ ಬಂತು" ಅಂತ ಜನ ಮೊಣಕಾಲು ನೀರಿನಲ್ಲಿ ಇಳಿದು ಕಯಾಕ್ ಮುಂದೆ ನಿಲ್ಲುತ್ತಾರೆ. ಬೆನ್ನು ದಡಕ್ಕೆ, ಮುಖ ಕಯಾಕಿಗೆ. ಕಯಾಕಿನ ಹಿಂದಿನಿಂದ, ಅಂದರೆ ಸಮುದ್ರದ ಕಡೆಯಿಂದ, ಅಲೆ ಬಂದು ಕಯಾಕನ್ನು ಅಡ್ಡ ತಿರುಗಿಸಿ ಕಾಲಿಗೆ ಬಡಿಯುತ್ತದೆ. ಒಳಗೆ ಕೂರುವ ಮಾದರಿಯ ಕಯಾಕ್ ನೀರು ತುಂಬಿದರೆ ನೂರು ಕೆಜಿ ದಾಟುತ್ತದೆ, ಮೊಣಕಾಲು ತಡೆಯುವುದಿಲ್ಲ. ಯಾವಾಗಲೂ ಕಯಾಕ್ ನಿಮ್ಮ ಮತ್ತು ದಡದ ನಡುವೆ ಇರಬೇಕು, ನೀವು ಸಮುದ್ರದ ಕಡೆ. ಇದೊಂದು ನೆನಪಿಟ್ಟುಕೊಂಡರೂ ಈ ಬರಹ ಸಾರ್ಥಕ.

ಉಳಿದದ್ದು ಚುಟುಕಾಗಿ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಯೇ ಬಂದ್. ಮೀನು ಮರಿ ಮಾಡುವ ಕಾಲ ಅನ್ನುವುದು ಅದಕ್ಕೆ ಮುಖ್ಯ ಕಾರಣ, ಆದರೆ ಆ ಕಡಲನ್ನು ಒಮ್ಮೆ ನೋಡಿದವರು ಆಗ ಕಯಾಕ್ ಕೇಳುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಏಪ್ರಿಲ್ ಮೇ ರಜೆಯಲ್ಲಿ ಹೋಗುವುದಾದರೆ ಬೆಳಿಗ್ಗೆ ಬೇಗ ಹೋಗಿ ಬೇಗ ಮುಗಿಸಿ. ಹೊತ್ತೇರಿದ ಮೇಲೆ ನೆಲ ಕಾದು ಸಮುದ್ರದಿಂದ ಗಾಳಿ ಏಳುತ್ತದೆ, ಅದು ತಳ್ಳುವುದು ಬಂಡೆಯ ಕಡೆಗೇ. ಹಿಂದಿನ ದಿನ ಹೈದರಾಬಾದಿನ ಸಮುದ್ರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್‌ನ (INCOIS) ಅಲೆ ಮುನ್ಸೂಚನೆ ನೋಡಿ. ಗೈಡ್ ಆ ದಿನ ಬೇಡ ಅಂದರೆ ದುಡ್ಡಿನ ಮಾತು ಆಮೇಲೆ, ಮೊದಲು ಧನ್ಯವಾದ ಹೇಳಿ. ಪ್ಯಾಡಲ್ ನೆಟ್ಟಗೆ ಮೇಲೆತ್ತಿದರೆ ಬನ್ನಿ ಅಂತ, ತಲೆ ಮೇಲೆ ಅಡ್ಡ ಹಿಡಿದರೆ ನಿಲ್ಲಿ ಅಂತ. ಸಮುದ್ರದ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ, ಹಾಗಾಗಿ ಇದನ್ನು ದಡದಲ್ಲೇ ಕಲಿತುಕೊಳ್ಳಿ. ಮತ್ತೆ, ರಾತ್ರಿಯಿಡೀ ಕಾರು ಓಡಿಸಿಕೊಂಡು ಘಾಟಿ ಇಳಿದು ನೇರ ನೀರಿಗೆ ಇಳಿಯಬೇಡಿ. ನಿದ್ದೆಗೆಟ್ಟ ಮೈಗೆ ಬಿಸಿಲು ಮತ್ತು ಏರಿಳಿತ ಸೇರಿದರೆ ವಾಂತಿ ಗ್ಯಾರಂಟಿ. ಹಿಂದಿನ ದಿನವೇ ತಲುಪಿ ಮಲಗಿ.

ಯಾರೂ ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯ ಇದೆ. ಮೊದಲ ಸಲ ಕಯಾಕಿನಿಂದ ಬೀಳುವುದು ಸಮುದ್ರದಲ್ಲೇ ಯಾಕೆ ಆಗಬೇಕು? ನಮ್ಮ ಜಿಲ್ಲೆಯಲ್ಲೇ ನೀರಿದೆ. ಬೇಲೂರಿನ ಯಗಚಿ ಜಲಾಶಯದಲ್ಲಿ ವಾಟರ್ ಸ್ಪೋರ್ಟ್ಸ್ ನಡೆಯುತ್ತದೆ. ನಿಂತ ನೀರು, ಜಾಕೆಟ್ ಇದೆ, ಪಕ್ಕದಲ್ಲಿ ಜನ ಇದ್ದಾರೆ. ಅಲ್ಲಿ ಹೋದವರು ಒಂದು ಸುತ್ತು ಹೊಡೆದು ಸೆಲ್ಫಿ ತೆಗೆದು ಬರುತ್ತಾರೆ. ನೀವು ಅಲ್ಲಿನವರನ್ನು ಕೇಳಿ ಬೇಕಂತಲೇ ಬೀಳಿ. ಬಿದ್ದ ತಕ್ಷಣ ಕಯಾಕ್ ಬಿಡದೆ ಹಿಡಿದುಕೊಳ್ಳುವುದು, ಪ್ಯಾಡಲ್ ಕೈಯಲ್ಲೇ ಉಳಿಸಿಕೊಳ್ಳುವುದು, ಎರಡೂ ಕೈಯನ್ನು ಕಯಾಕ್ ಮೇಲೆ ಚಾಚಿ ಕಾಲು ಬಡಿದು ಮೊದಲು ಹೊಟ್ಟೆ ಮೇಲೆ ಅಡ್ಡ ಮಲಗುವುದು, ಆಮೇಲೆ ತಿರುಗಿ ಕೂರುವುದು. ಎಲ್ಲರೂ ಮೊದಲೇ ಕೂರಲು ನೋಡುತ್ತಾರೆ, ಮತ್ತೆ ಮಗುಚುತ್ತಾರೆ. ಹೊಟ್ಟೆ ಮೊದಲು. ಹಾಗೆಯೇ ತೋಳಿನಿಂದ ಎಳೆಯದೆ ಸೊಂಟ ತಿರುಗಿಸಿ ಪ್ಯಾಡಲ್ ಮಾಡುವುದನ್ನೂ ಅಲ್ಲೇ ಕಲಿಯಿರಿ, ಇಲ್ಲದಿದ್ದರೆ ಸಮುದ್ರದಲ್ಲಿ ಅರ್ಧ ಗಂಟೆಗೆ ಭುಜ ಹಿಡಿದುಕೊಳ್ಳುತ್ತದೆ.

ಶೆಟ್ಟಿಹಳ್ಳಿ ಕಡೆಯ ಹೇಮಾವತಿ ಹಿನ್ನೀರಿನಲ್ಲಿ ಸ್ವಂತ ಕಯಾಕ್ ಇಳಿಸೋಣ ಅನ್ನುವವರಿಗೆ ಒಂದು ಮಾತು. ಅನುಮತಿ ಇಲ್ಲದೆ ಜಲಾಶಯಕ್ಕೆ ಇಳಿಯಬೇಡಿ, ಮತ್ತು ನೀರು ತುಂಬಿದಾಗ ಅರ್ಧ ಮುಳುಗುವ ಅಲ್ಲಿನ ಹಳೇ ಚರ್ಚನ್ನು ನೋಡಿ ನೀರಿನ ಮಟ್ಟ ಅಂದಾಜು ಮಾಡಿ. ಬೇಸಿಗೆಯಲ್ಲಿ ನೀರು ಇಳಿದಂತೆ ದಡದಲ್ಲಿ ಕೆಸರು ಬರುತ್ತದೆ, ಮುಳುಗಿದ್ದ ಹಳೇ ಬೊಡ್ಡೆಗಳು ನೀರಿನ ಮಟ್ಟದ ಸ್ವಲ್ಪ ಕೆಳಗೆ ಕಾಣದ ಹಾಗೆ ನಿಲ್ಲುತ್ತವೆ. ಮಳೆ ನಿಂತು ನೀರು ತುಂಬಿರುವ ಅಕ್ಟೋಬರ್, ನವೆಂಬರ್ ವಾಸಿ. ಆಗ ಇಲ್ಲಿ ಬಿದ್ದು ಎದ್ದು ಅಭ್ಯಾಸ ಮಾಡಿದವರಿಗೆ ಡಿಸೆಂಬರ್‌ನಲ್ಲಿ ಗೋಕರ್ಣದ ಗೈಡ್ ಹುಡುಕುವುದೊಂದೇ ಕೆಲಸ.