‘ಸವಿ’ ಎಲ್ಲಿಂದ ಬಂತು?

ಪ್ರಶ್ನೆ: ‘ಸವಿ’ ಅಂದರೆ ಸಿಹಿ ಅಂತಾನಾ? ಅದು ಸಂಸ್ಕೃತದ ‘ಸ್ವಾದ’ದಿಂದ ಬಂದದ್ದು ಅಂತಾರೆ, ನಿಜವಾ?

ಮೊದಲನೆಯದನ್ನು ಬೇಗ ಮುಗಿಸುತ್ತೇನೆ. ಸಿಹಿ ಅಂತಲ್ಲ. ನಾಲಿಗೆಗೆ ಹಿತವಾದದ್ದೆಲ್ಲ ಸವಿ. ಹಾಗಲಕಾಯಿ ಗೊಜ್ಜನ್ನೂ ಸವಿಯಬಹುದು, ಪಾಯಸವೇ ಆಗಬೇಕಿಲ್ಲ.

ಎರಡನೆಯದು ಎಷ್ಟು ಸಲ ಹೇಳಿದರೂ ಮತ್ತೆ ಬರುತ್ತದೆ, ಅದಕ್ಕೇ ಈ ಸಲ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ‘ಸವಿ’ ‘ಸ್ವಾದ’ದ ತದ್ಭವ ಅಲ್ಲ. ಎರಡರಲ್ಲೂ ‘ಸ’ ಇದೆ, ‘ವ’ ಇದೆ, ಅರ್ಥವೂ ಹತ್ತಿರ, ಅಷ್ಟಕ್ಕೇ ಸುಮ್ನೆ ನೆಂಟಸ್ತಿಕೆ ಕಟ್ಟಿಬಿಡುತ್ತಾರೆ. ನಿಜವಾದ ನೆಂಟರು ಅಕ್ಕಪಕ್ಕದಲ್ಲೇ ಇದ್ದಾರೆ. ತಮಿಳಿನಲ್ಲಿ ‘ಸುವೈ’, ಮಲಯಾಳದಲ್ಲಿ ‘ಚುವ’, ತೆಲುಗಿನಲ್ಲಿ ‘ಚವಿ’. ಭಾಷಾಶಾಸ್ತ್ರಜ್ಞರಾದ ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ನಿರುಕ್ತ ಕೋಶ, ಅಂದರೆ ದ್ರಾವಿಡ ಪದಗಳ ಮೂಲ ಹೇಳುವ ನಿಘಂಟು, ಇವನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದೆ. ತಮಿಳರು ಆರು ರುಚಿಗಳಿಗೆ ‘ಅರುಸುವೈ’ ಅನ್ನುತ್ತಾರೆ, ಅದರಲ್ಲಿ ಕಹಿಯೂ ಇದೆ, ಒಗರೂ ಇದೆ.

ಕೋಶ ಬೇಡ ಅನ್ನುವವರು ತಮ್ಮ ಬಾಯನ್ನೇ ಕೇಳಿಕೊಳ್ಳಲಿ. ಸಂಸ್ಕೃತದಿಂದ ತಂದ ಪದವನ್ನು ಕ್ರಿಯಾಪದ ಮಾಡಬೇಕಾದರೆ ನಾವು ಸಾಮಾನ್ಯವಾಗಿ ‘ಇಸು’ ಹಚ್ಚುತ್ತೇವೆ: ಆಸ್ವಾದಿಸು, ಸೇವಿಸು, ರುಚಿಸು. ‘ಸವಿ’ಗೆ ಅದರ ಹಂಗಿಲ್ಲ. ಕುಡಿ, ಕುಡಿದೆ. ಸವಿ, ಸವಿದೆ. ‘ಪಾಯಸ ಸವಿಸಿದೆ’ ಅಂತ ಯಾರೂ ಅನ್ನಲ್ಲ, ಅಲ್ವಾ? ಕನ್ನಡದ್ದೇ ಆದ ಧಾತು ನಡೆಯುವ ರೀತಿ ಇದು. ವ್ಯಾಕರಣ ಓದದ ಮಗುವೂ ಇದನ್ನು ತಪ್ಪಿಲ್ಲದೆ ಆಡುತ್ತದೆ, ನನಗೆ ಅದೇ ದೊಡ್ಡ ಖುಷಿ.

ಅಂದಹಾಗೆ, ‘ರುಚಿ’ ಮಾತ್ರ ಸಂಸ್ಕೃತದ್ದೇ. ಅದರ ಧಾತು ‘ರುಚ್’, ಹೊಳೆಯುವುದು ಅಂತ ಅರ್ಥ. ಹಳೆಯ ಕಾವ್ಯಗಳಲ್ಲಿ ‘ರುಚಿ’ ಅಂದರೆ ಕಾಂತಿ ಅಂತಲೂ ಬರುತ್ತದೆ. ಹೊಳೆಯುವುದು ಕಣ್ಣಿಗೆ ಹಿತ, ಹಿತವಾದದ್ದರ ಮೇಲೆ ಮನಸ್ಸು. ‘ಅಭಿರುಚಿ’ಯಲ್ಲಿ ಆ ಅರ್ಥ ಇನ್ನೂ ಉಳಿದಿದೆ.

ಹಾಗಾದರೆ ‘ಸವಿ’, ‘ರುಚಿ’ ಎರಡೂ ಒಂದೇನಾ? ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಒಲೆಯ ಮೇಲೆ ಸಾರು ಕುದಿಯುವಾಗ ಸೌಟಿನಿಂದ ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನೆಕ್ಕಿ ನೋಡುತ್ತೇವಲ್ಲ, ಆಗ ಇವತ್ತಿನ ಮಾತಿನಲ್ಲಿ ‘ರುಚಿ ನೋಡ್ತೀನಿ’ ಅಂತಲೇ ಅನ್ನುವುದು. ಉಪ್ಪು ಕಮ್ಮಿಯಾ, ಹುಳಿ ಜಾಸ್ತಿಯಾ ಅಂತ ತಿಳಿಯುವುದಕ್ಕೆ. ರುಚಿ ಚೆನ್ನಾಗಿಲ್ಲದೆಯೂ ಇರಬಹುದು, ‘ಕೆಟ್ಟ ರುಚಿ’ ಅಂತೀವಿ. ‘ಕೆಟ್ಟ ಸವಿ’ ಅಂತ ಎಲ್ಲೂ ಕೇಳಿಲ್ಲ. ಸಾರು ಇಳಿಸಿ, ಒಗ್ಗರಣೆ ಕೊಟ್ಟು, ಬಿಸಿ ಅನ್ನದ ಮೇಲೆ ಬಿದ್ದ ಮೇಲೆ ಸವಿಯುವುದು.