ಎರಡು ಗುತ್ತಿಗೆಗಳ ನಡುವಿನ ಜಾಗ

ದೊಡ್ಡ ಸಾರಿಗೆ ಕಾಮಗಾರಿಯೊಂದು ತಡವಾದಾಗ ತಾಂತ್ರಿಕ ಕ್ಲಿಷ್ಟತೆಯೇ ಕಾರಣವೆಂಬ ಮಾತು ಮೊದಲು ಕೇಳಿಬರುತ್ತದೆ. ವೃತ್ತಿಯಲ್ಲಿ ಕಂಡದ್ದನ್ನು ಹೇಳುವುದಾದರೆ, ಕಂಬ, ತೊಲೆ, ತಳಪಾಯಗಳ ಲೆಕ್ಕ ಬಹುಮಟ್ಟಿಗೆ ಎಂಜಿನಿಯರ್‌ಗಳ ಹಿಡಿತದಲ್ಲೇ ಇರುತ್ತದೆ. ಹಿಡಿತ ತಪ್ಪುವುದು ಒಬ್ಬ ಗುತ್ತಿಗೆದಾರರ ಕೆಲಸ ಮುಗಿದು ಇನ್ನೊಬ್ಬರದು ಆರಂಭವಾಗುವ, ಯಾರ ಪಾಲಿಗೂ ಸ್ಪಷ್ಟವಾಗಿ ಬರೆದಿರದ ಸಂಧಿಯಲ್ಲಿ. ಕಾಮಗಾರಿಯ ಭಾಷೆಯಲ್ಲಿ ಇದಕ್ಕೆ ಇಂಟರ್‌ಫೇಸ್ ಎನ್ನುತ್ತೇವೆ.

ಲಂಡನ್ನಿನ ಎಲಿಜಬೆತ್ ಲೈನ್ ರೈಲು ಮಾರ್ಗವನ್ನೇ ನೋಡಬಹುದು. ಜನನಿಬಿಡ ನಗರದ ಅಡಿಯಲ್ಲಿ 42 ಕಿ.ಮೀ. ಸುರಂಗ ಕೊರೆಯುವ ಕೆಲಸ 2015ರಲ್ಲೇ ಮುಗಿದಿತ್ತು. ಕಷ್ಟದ ಭಾಗ ಕಳೆಯಿತೆಂದು ಯಾರಿಗಾದರೂ ಅನಿಸಬಹುದಾಗಿದ್ದ ಆ ಹಂತದಿಂದಲೂ ಸಂಚಾರ ಶುರುವಾಗಲು ಏಳು ವರ್ಷ ಹಿಡಿಯಿತು. 2018ರ ಡಿಸೆಂಬರ್‌ಗೆ ನಿಗದಿಯಾಗಿದ್ದ ಮಾರ್ಗ ತೆರೆದದ್ದು 2022ರ ಮೇ 24ರಂದು. ಒಂದೇ ರೈಲು ಮೂರು ಬಗೆಯ ಸಿಗ್ನಲ್ ವ್ಯವಸ್ಥೆಗಳಿಗೆ ಹೊಂದಿಕೊಳ್ಳುತ್ತ ಸಾಗಬೇಕಿತ್ತು, ನಿಲ್ದಾಣಗಳ ಒಳಗಿನ ಅಳವಡಿಕೆ ಹಿಂದೆ ಬಿದ್ದಿತ್ತು, ಇವೆರಡರ ತಡವನ್ನು ಸರಿದೂಗಿಸಲು ಪರೀಕ್ಷೆಯ ಅವಧಿಯನ್ನೇ ಕುಗ್ಗಿಸುತ್ತ ಹೋಗಲಾಗಿತ್ತು. ಬರ್ಲಿನ್‌ನ ಹೊಸ ವಿಮಾನ ನಿಲ್ದಾಣದ್ದೂ ಇದೇ ಜಾತಿಯ ಕಥೆ: 2012ರ ಜೂನ್‌ನಲ್ಲಿ ತೆರೆಯಬೇಕಿದ್ದದ್ದು ಬೆಂಕಿ ಮತ್ತು ಹೊಗೆ ನಿಯಂತ್ರಣ ವ್ಯವಸ್ಥೆ ಸರಿಯಾಗಿ ಕೆಲಸ ಮಾಡದೆ 2020ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

ಕಾಮಗಾರಿ ನಿರ್ವಹಣೆಯಲ್ಲಿ ಗಮನಿಸಬೇಕಾದ ವೆಚ್ಚ, ಕಾಲ, ತಂತ್ರಜ್ಞಾನ ಎಂಬ ಮೂರನ್ನು ಎಂಜಿನಿಯರ್‌ಗಳಾದ ನಾವೆಲ್ಲ ಕಲಿತೇ ಬರುತ್ತೇವೆ. ಅಮೆರಿಕದ ಹೆದ್ದಾರಿ ಕ್ಷೇತ್ರದಲ್ಲಿ ಬಳಕೆಗೆ ಬಂದ ಐದು ಆಯಾಮಗಳ ನಿರ್ವಹಣಾ ಕ್ರಮವು ಇವಕ್ಕೆ ಸುತ್ತಲಿನ ಸನ್ನಿವೇಶ ಮತ್ತು ಹಣಕಾಸು ಎಂಬ ಇನ್ನೆರಡನ್ನು ಸೇರಿಸಿತು. ಭೂಸ್ವಾಧೀನ, ಪರವಾನಗಿ, ಭೂಗತ ಕೊಳವೆಗಳ ಸ್ಥಳಾಂತರ, ಅನುದಾನದ ಕಂತುಗಳು ಇವೆಲ್ಲ ಬರುವುದು ಆ ಎರಡರ ಅಡಿಯಲ್ಲಿ. ಅಧಿಕಾರವಿಲ್ಲದೆಯೂ ಹೊಣೆ ಹೊರಬೇಕಾದ ಕೆಲಸಗಳೂ ಇವೇ.

ನಾನು ಇದ್ದ ಒಂದು ಮೇಲ್ಸೇತುವೆ ಕಾಮಗಾರಿಯಲ್ಲಿ ಹಳೆಯ ನಕ್ಷೆ ತೋರಿಸಿದ ಜಾಗದಲ್ಲಿ ನೀರಿನ ಮುಖ್ಯ ಕೊಳವೆ ಇರಲಿಲ್ಲ. ಅದು ನಮ್ಮ ಪೈಲ್, ಅಂದರೆ ತಳಪಾಯಕ್ಕಾಗಿ ನೆಲದಾಳಕ್ಕೆ ಹೋಗುವ ಕಂಬ, ಇಳಿಯಬೇಕಾದ ಕಡೆಯೇ ಹಾದುಹೋಗಿತ್ತು. ಕೊಳವೆ ಒಂದು ಇಲಾಖೆಯದು, ಅದನ್ನು ಸರಿಸುವ ಕೆಲಸ ಇನ್ನೊಂದು ಗುತ್ತಿಗೆಯದು, ರಸ್ತೆ ಮುಚ್ಚುವ ಅನುಮತಿ ಮೂರನೆಯವರದು. ಕೊಳವೆ ಸರಿಸಲು ಬೇಕಾದದ್ದು ಕೆಲವೇ ದಿನ, ಪತ್ರ ವ್ಯವಹಾರಕ್ಕೆ ತಿಂಗಳುಗಳೇ ಹಿಡಿದವು. ವಿನ್ಯಾಸ ಅಂತಿಮಗೊಳ್ಳುವ ಮೊದಲೇ ಪ್ರತಿ ಕಂಬದ ಜಾಗದಲ್ಲೂ ಪರೀಕ್ಷಾ ಗುಂಡಿ ತೋಡಬೇಕೆಂದು ಅಂದಿನಿಂದ ಪಟ್ಟು ಹಿಡಿಯುತ್ತೇನೆ. ದುಬಾರಿ ಎನ್ನುವವರೊಂದಿಗೆ ವಾದಿಸುವುದೂ ಈಗ ಅಭ್ಯಾಸವಾಗಿದೆ.

ನೆಲದೊಳಗಿನ ವಸ್ತು ದಾಖಲೆಯಲ್ಲಿದ್ದರೂ ಸಾಲದು ಎಂಬುದಕ್ಕೆ ಅಮೆರಿಕದ ಸಿಯಾಟಲ್ ನಗರ ಸಾಕ್ಷಿ. ಅಲ್ಲಿನ ಹೆದ್ದಾರಿ ಸುರಂಗ ಕೊರೆಯುತ್ತಿದ್ದ ಸುಮಾರು 17.5 ಮೀಟರ್ ವ್ಯಾಸದ ಯಂತ್ರವು, ಅಂತರ್ಜಲ ಪರೀಕ್ಷೆಗೆಂದು ಹಿಂದೆ ಇಳಿಸಿದ್ದ 8 ಇಂಚಿನ ಉಕ್ಕಿನ ಕೊಳವೆಯೊಂದನ್ನು ತಾಗಿದ ಕೆಲವೇ ದಿನಗಳಲ್ಲಿ, 2013ರ ಡಿಸೆಂಬರ್‌ನಲ್ಲಿ ನಿಂತುಬಿಟ್ಟಿತು. ಮತ್ತೆ ಚಲಿಸಲು ಎರಡು ವರ್ಷ ಬೇಕಾಯಿತು. ಕೊಳವೆಯೇ ಕಾರಣವೋ ಯಂತ್ರದ ದೋಷವೋ ಎಂಬ ವ್ಯಾಜ್ಯದಲ್ಲಿ ನ್ಯಾಯಾಲಯದ ಜ್ಯೂರಿ 2019ರಲ್ಲಿ ಗುತ್ತಿಗೆದಾರರ ವಿರುದ್ಧ ನಿರ್ಣಯಿಸಿತು. ನೆಲದ ಅಪಾಯ ಯಾರ ಪಾಲಿಗೆ ಎಂಬುದನ್ನು ಟೆಂಡರ್‌ನಲ್ಲೇ ಸಂದೇಹಕ್ಕೆ ಎಡೆಯಿಲ್ಲದಂತೆ ಬರೆಯುವುದು ನ್ಯಾಯಾಲಯಕ್ಕಿಂತ ಅಗ್ಗ.

ಹಾಗಾಗಿ ನಾನು ಇಂಟರ್‌ಫೇಸ್‌ಗಳ ಪ್ರತ್ಯೇಕ ವಹಿ ಇಡುತ್ತೇನೆ. ಯಾರು ಏನನ್ನು, ಯಾರಿಗೆ, ಯಾವ ದಿನಾಂಕದೊಳಗೆ, ಯಾವ ಸ್ಥಿತಿಯಲ್ಲಿ ಒಪ್ಪಿಸಬೇಕೆಂಬುದು ಅದರ ಒಂದೊಂದು ಸಾಲಿನಲ್ಲೂ ಇರುತ್ತದೆ. ಸಾಲಿಗೆ ಇಲಾಖೆಯ ಹೆಸರು ಸಾಲದು, ವ್ಯಕ್ತಿಯ ಹೆಸರು ಬೇಕು. ವಾರದ ಸಭೆ ಆರಂಭವಾಗುವುದು ಆ ವಹಿಯಿಂದ, ಶೇಕಡಾವಾರು ಪ್ರಗತಿಯ ಪಟ್ಟಿಯಿಂದಲ್ಲ. ಶೇ 95ರಷ್ಟು ಕೆಲಸ ಮುಗಿದಿದೆ ಎಂಬ ವರದಿಯನ್ನು ನಾನು ಅನುಮಾನದಿಂದಲೇ ಓದುತ್ತೇನೆ, ಏಕೆಂದರೆ ಉಳಿದ ಐದರಲ್ಲಿ ಎಲ್ಲ ವ್ಯವಸ್ಥೆಗಳೂ ಮೊದಲ ಬಾರಿಗೆ ಒಟ್ಟಿಗೆ ಓಡಬೇಕಿರುತ್ತದೆ. ಸಿವಿಲ್ ಕೆಲಸ ತಡವಾದಾಗಲೆಲ್ಲ ಮೇಲಿನವರ ಕಣ್ಣು ಬೀಳುವುದು ಆ ಪರೀಕ್ಷೆಯ ವಾರಗಳ ಮೇಲೆಯೇ. ಅವುಗಳಲ್ಲಿ ಒಂದನ್ನು ಕಡಿತಗೊಳಿಸುವುದಕ್ಕೂ ಯೋಜನಾ ನಿರ್ದೇಶಕರ ಲಿಖಿತ ಸಹಿ ಬೇಕೆಂಬ ನಿಯಮವನ್ನು ನಾನು ಮೊದಲ ದಿನವೇ ಬರೆಸಿಕೊಳ್ಳುತ್ತೇನೆ.